ನಾಲ್ಕು ಮೂಲೆಯೂ ನೆಟ್ಟಗಿದ್ದ ಕಾಗದ

ಮಧುಗಿರಿ, ಕೋಟೆ ಬೀದಿ
ತಾರಣ ಸಂವತ್ಸರದ ಮಾರ್ಗಶಿರ ಮಾಸ, ಸೋಮವಾರ
೧೯೪೪ನೇ ಇಸವಿ

ಪ್ರೀತಿಯ ಮೊಮ್ಮಗ ಸಿದ್ದೂಗೆ,

ನಿನ್ನಜ್ಜಿ ಚನ್ನಮಲ್ಲಮ್ಮ ಇನ್ನೂ ಉಸಿರಾಡುತ್ತಿದ್ದಾಳೆ. ನೀನೂ ಉಸಿರಾಡುತ್ತಿದ್ದೀಯ ಎಂದು ಪೇಪರಿನಲ್ಲಿ ನೋಡಿ ತಿಳಿದುಕೊಂಡೆ. ಜೈಲಿನಲ್ಲಿ ಹತ್ತಿದ ಕೆಮ್ಮು ಬಿಟ್ಟಿತೆ? ಆರು ತಿಂಗಳು ಸರ್ಕಾರದ ಮುದ್ದೆ ತಿಂದ ಹೊಟ್ಟೆ ಈಗ ಬೆಂಗಳೂರಿನ ಹೋಟೆಲಿನ ದೋಸೆಗೆ ಒಗ್ಗುವುದಿಲ್ಲ, ಹುರುಳಿ ಕಟ್ಟಿನ ಸಾರು ಮಾಡಿಸಿಕೊಂಡು ಕುಡಿ. ನನ್ನ ಮಂಡಿ ಬೆಳಿಗ್ಗೆ ಏಳುವಾಗ ಸದ್ದು ಮಾಡುತ್ತದೆ, ಆಮೇಲೆ ಮಾತು ಕೇಳುತ್ತದೆ. ಎಡಗಣ್ಣಿಗೆ ಪೊರೆ ಬಂದಿದೆ. ಬಲಗಣ್ಣು ಇದೆಯಲ್ಲ, ಅಕ್ಷರಕ್ಕೆ ಅಷ್ಟು ಸಾಕು. ಕೂಲಿಮಠದಲ್ಲಿ ಎರಡು ವರ್ಷ ಕಲಿತದ್ದು ಇಷ್ಟು ದಿನ ಬಂತು, ಇನ್ನೂ ಎಷ್ಟು ದಿನ ಬರುತ್ತದೋ. ತಪ್ಪಿದ್ದರೆ ತಿದ್ದಿಕೊಂಡು ಓದು. ಜಂಬ ಮಾಡಿ ನಗಬೇಡ.

ನಿನ್ನ ಕಾಗದ ಬಂತು. ನಿನಗೆ ಸನ್ಮಾನವಂತೆ, ನಾನು ಬರಬೇಕಂತೆ, ಮುಂದಿನ ಸಾಲಿನಲ್ಲಿ ಕುರ್ಚಿಯಂತೆ. ಜೊತೆಗೆ ಕಳಿಸಿದ್ದ ಪೇಪರಿನಲ್ಲಿ ನಿನ್ನ ಭಾಷಣವನ್ನೂ ಓದಿದೆ. ಹೊಸಿಲ ಮೇಲೆ ಕೂತು, ಬೆಳಕಿಗೆ ಹಿಡಿದು, ಎರಡು ಸಲ ಓದಿದೆ. "ಹೆಸರಿಲ್ಲದ ಒಬ್ಬ ಸಿಪಾಯಿಯ ಧೈರ್ಯದಿಂದ ಈ ಸತ್ಯ ಹೊರಬಂತು" ಎಂದಿದ್ದೀಯ. ಜನ ಚಪ್ಪಾಳೆ ತಟ್ಟಿದರು ಎಂದೂ ಅಚ್ಚು ಹಾಕಿದ್ದಾರೆ. ಹೆಸರಿಲ್ಲದವನೇ ಅವನು? ಅವನ ನಾಮಕರಣದಲ್ಲಿ ನೀನು ನನ್ನ ಮಡಿಲಲ್ಲಿ ಕೂತು ಅವನ ಅವ್ವ ಕೊಟ್ಟ ಬೆಲ್ಲ ನೆಕ್ಕಿದ್ದೆ. ನಾನು ಬರುವುದಿಲ್ಲ. ಯಾಕೆ ಎಂದು ಹೇಳುತ್ತೇನೆ, ಕೆಮ್ಮು ಬಂದರೆ ನೀರು ಕುಡಿದು ಮುಂದಕ್ಕೆ ಓದು.

ಪೇಪರಿಗೆ ಬರೆಯುವ ನಿನ್ನ ಕಸುಬನ್ನು ನಾನು ಬೈಯುವವಳಲ್ಲ. ಒಂದು ಕಾಲದಲ್ಲಿ ಬೀದಿಯವರಿಗೆಲ್ಲ ಕೇಳುವ ಹಾಗೆ ಹೊಗಳಿದವಳು ನಾನೇ. ಇಪ್ಪತ್ತೆರಡನೇ ವಯಸ್ಸಿನಲ್ಲಿ ನೀನು ಮೊದಲು ಬರೆದದ್ದು ಪಾವಗಡದ ಕಡೆಯ ಕಾಲರಾ ವಿಷಯ. ಸತ್ತ ನಲವತ್ತು ಜನರನ್ನು ಅಮಲ್ದಾರನೊಬ್ಬ ಮುಪ್ಪಿನ ಲೆಕ್ಕಕ್ಕೆ ಬರೆಸಿದ್ದ, ಅದರಲ್ಲಿ ಹಾಲು ಕುಡಿಯುವ ಕೂಸುಗಳೂ ಇದ್ದವು. ಅದು ಅಚ್ಚಾದಾಗ ನಾನು ನಮ್ಮ ವೀರಭದ್ರ ದೇವರಿಗೆ ತುಪ್ಪದ ದೀಪ ಹಚ್ಚಿದೆ. ಸಾವಿನ ಲೆಕ್ಕದ ಪುಸ್ತಕವನ್ನು ನಿನಗೆ ತೋರಿಸಿದ ಶಾನುಭೋಗ ಚಿಕ್ಕರಂಗಯ್ಯನ ಕೆಲಸ ಹೋಯಿತು, ಅವನು ಆಂಧ್ರದ ಕಡೆ ಹೊರಟುಹೋದ. ಆಮೇಲೆ ದಂಡಿನವರು ಬಂದೂಕಿನ ತಾಲೀಮು ಮಾಡುವಾಗ ಕುರಿಯವನೊಬ್ಬನಿಗೆ ಗುಂಡು ತಗುಲಿದ್ದು, ಅದನ್ನು ಸಿಡಿಲು ಬಡಿದ ಸಾವು ಎಂದು ಸರ್ಕಾರದವರು ಬರೆದದ್ದು. ಅದನ್ನೂ ನೀನೇ ಹೊರಗೆಳೆದೆ. ನಿನಗೆ ಹೇಳಿದ ಹುಲ್ಲು ಮಾರುವ ಕಾಟಮ್ಮನನ್ನು ಪೋಲೀಸರು ಮೂರು ದಿನ ಠಾಣೆಯ ಅಂಗಳದಲ್ಲಿ ಕೂರಿಸಿದ್ದರು. ಅವಳು ಈಗ ನಮ್ಮ ಬೀದಿಗೆ ಹುಲ್ಲು ತರುವುದಿಲ್ಲ. ನೀನು ಸುಳ್ಳು ಬರೆದೆ ಎನ್ನುತ್ತಿಲ್ಲ ಕಣೋ. ಒಂದಕ್ಷರವೂ ಸುಳ್ಳಲ್ಲ. ಬರೆದು ನೀನು ರೈಲು ಹತ್ತುತ್ತೀಯ, ಹೇಳಿದವರು ಇಲ್ಲೇ ಇರುತ್ತಾರೆ. ಅಷ್ಟೇ ನಾನು ಹೇಳುವುದು.

ಈಗ ಬೋರಪ್ಪನ ಮಾತು. ನಮ್ಮ ಹಿಂದಿನ ಮನೆಯ ಕದರಮ್ಮನ ಒಬ್ಬನೇ ಮಗ, ನಿನಗಿಂತ ನಾಲ್ಕು ವರ್ಷಕ್ಕೆ ಚಿಕ್ಕವನು. ನಮ್ಮ ಜಗುಲಿಯ ಮೇಲೆ ಮರಳು ಹರಡಿ ನಿಮ್ಮಿಬ್ಬರಿಗೂ ಅಕ್ಷರ ತೀಡಿಸಿದವಳು ನಾನು. ನೀನು ಬೇಗ ಕಲಿತೆ, ಅವನು ಚೆನ್ನಾಗಿ ಕಲಿತ. ಅವನು ದಂಡಿಗೆ ಸೇರಿ ಪೂರ್ವದ ಕಾಡಿನಲ್ಲಿ ರಸ್ತೆ ಕಡಿಯಲು ಹೋದ ಮೇಲೆ, ಅವನ ಕಾಗದ ಓದುವುದು ನನ್ನ ಪಾಲಿಗೆ ಬಂತು. ಮೊದಲನೇ ಕಾಗದ ಬಂದ ದಿನ ನೆನೆದರೆ ಈಗಲೂ ನಗು ಬರುತ್ತದೆ, ಆಮೇಲೆ ಬರಬಾರದ್ದೂ ಬರುತ್ತದೆ. ನಮ್ಮಲ್ಲಿ ಶುಭದ ಕಾಗದಕ್ಕೆ ಮೂಲೆಗೆ ಅರಿಶಿನ ಸವರುತ್ತಾರೆ, ಸಾವಿನ ಕಾಗದಕ್ಕೆ ಮೂಲೆ ಹರಿಯುತ್ತಾರೆ. ಓದು ಬಾರದವರೂ ಮುಟ್ಟಿ ತಿಳಿಯುತ್ತಾರೆ. ಮಗ ಯಾವ ಜಾಗದಲ್ಲಿದ್ದಾನೆಂದು ತಿಳಿಯಬಾರದು ಅಂತ ಮಿಲಿಟರಿಯವರು ಕಾಗದದ ಮೂಲೆಯಲ್ಲಿದ್ದ ಊರಿನ ಹೆಸರನ್ನು ಕತ್ತರಿಯಲ್ಲಿ ಕತ್ತರಿಸಿ ಕಳಿಸಿದ್ದರು. ಕದರಮ್ಮ ಮೂಲೆ ಮುಟ್ಟಿದಳು, ಅಂಗಳದಲ್ಲಿ ಬಿದ್ದು ಹೊರಳಿದಳು. ಬೀದಿಯೆಲ್ಲ ಸೇರಿತು. ನಾನು ಕಿತ್ತುಕೊಂಡು ಓದಿ, "ಸತ್ತಿರೋದು ನಿನ್ನ ಮಗ ಅಲ್ಲ ಕಣೇ, ಅವನಿರೋ ಊರಿನ ಹೆಸರು, ಏಳೇ ಮೇಲೆ" ಎಂದೆ. ಅವಳು ಮಣ್ಣು ಮೆತ್ತಿದ ಮುಖದಲ್ಲಿ ನಕ್ಕು, "ಅಯ್ಯೋ, ಆ ದಂಡಿನೋರ ಕೈ ಸೇದೋಗ! ಕತ್ರಿ ಹಾಕಾಕೆ ಮೂಲೆನೇ ಬೇಕಾಗಿತ್ತಾ ಅವ್ರಿಗೆ?" ಎಂದು ಬೈದಳು.

ಹೋದ ವರ್ಷ ಒಂದು ಕಾಗದ ತಪಾಲಿನಲ್ಲಿ ಬರಲಿಲ್ಲ. ಬೋರಪ್ಪನ ಜೊತೆಗಿದ್ದ ಕೊರಟಗೆರೆಯ ತಿಮ್ಮರಾಯಪ್ಪ ರಜೆಗೆ ಬಂದಾಗ ರುಮಾಲಿನೊಳಗೆ ಮಡಿಸಿ ತಂದ. ಅದು ಅವ್ವನಿಗಲ್ಲ, ನನಗೆ ಬರೆದದ್ದು. ಸೊಳ್ಳೆಪರದೆ ಇಲ್ಲ, ಜ್ವರಕ್ಕೆ ಗುಳಿಗೆ ಇಲ್ಲ, ದಿನಕ್ಕೆ ನಾಲ್ಕೈದು ಜನ ಸಾಯುತ್ತಾರೆ, ಅವರ ಮನೆಗೆ ತಿಳಿಸುತ್ತಿಲ್ಲ ಎಂದು ಬರೆದಿದ್ದ. "ಇಲ್ಲಿಯ ಗುಡ್ಡ ನಮ್ಮೂರ ಬೆಟ್ಟದಂಗೆ ಒಂದೇ ಕಲ್ಲಲ್ಲ, ಬರೀ ಮಣ್ಣು. ಹೂತವರು ಮಳೆಗೆ ಮೇಲಕ್ಕೆ ಬರ್ತಾರೆ." ಕೊನೆಗೆ, "ಅಮ್ಮಾರೇ, ಓದಿ ಒಲೆಗೆ ಹಾಕಿ, ಅವ್ವಂಗೆ ಹೇಳಬ್ಯಾಡಿ" ಎಂದಿದ್ದ. ನಾನು ಒಲೆಗೆ ಹಾಕಲಿಲ್ಲ. ಮರಳಿನ ಮೇಲೆ ನಾನು ಕಲಿಸಿದ ಅಕ್ಷರ, ಹೇಗೆ ಸುಡಲಿ? ಹಳೆಯ ಕಾಗದಗಳ ಕಟ್ಟಿನಲ್ಲಿ ಸೇರಿಸಿ ಗೂಡಿನಲ್ಲಿಟ್ಟೆ. ನೀನು ಯುಗಾದಿಗೆ ಬಂದೆ, ಒಬ್ಬಟ್ಟು ತಿಂದೆ, "ಅಜ್ಜೀ, ಯುದ್ಧದ ಸುದ್ದಿ ಏನಾದರೂ ಕೇಳಿದ್ದೀಯಾ?" ಎಂದೆ. ನಾನು ಕದರಮ್ಮನನ್ನು ಒಂದು ಮಾತೂ ಕೇಳದೆ ಆ ಕಟ್ಟನ್ನು ನಿನ್ನ ಕೈಗೆ ಕೊಟ್ಟೆ. ನನ್ನ ಮೊಮ್ಮಗ ಓದಿದರೆ ನಾಲ್ಕು ಜೀವ ಉಳಿಯಬಹುದು ಅಂದುಕೊಂಡೆ. ನನಗೂ ಸ್ವಲ್ಪ ಜಂಬವಿತ್ತು ಅಂತ ಇಟ್ಟುಕೋ.

ನೀನು ಹೆಸರು ಬಿಟ್ಟೆ, ಪಾಳ್ಯದ ನಂಬರು ಬಿಟ್ಟೆ. ಆದರೆ ಆ ಬೆಟ್ಟದ ಮಾತನ್ನು ಇದ್ದ ಹಾಗೆಯೇ ಅಚ್ಚು ಹಾಕಿದೆ. ಚೆನ್ನಾಗಿತ್ತಲ್ಲ, ಬಿಡಲು ಮನಸ್ಸು ಬರಲಿಲ್ಲ. ಈಗ ಕಾಲು ಕಳೆದುಕೊಂಡು ಬಂದಿರುವ ತಿಮ್ಮರಾಯಪ್ಪ ನನ್ನ ಮುಂದೆ ಕೂತು ಹೇಳಿದ. ಸಾಹೇಬರು ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ನಿನ್ನ ಪೇಪರು ಓದಿಸಿದರಂತೆ. ಓದಿಸಿ, ಒಂದೇ ಕಲ್ಲಿನ ಬೆಟ್ಟ ಇರುವ ಊರಿನವನು ಯಾರು ಎಂದು ಕೇಳಿದರಂತೆ. "ಯಾರೂ ಬಾಯಿ ಬುಡಲಿಲ್ಲ ಕಣಮ್ಮಾ, ಎಲ್ರೂ ಅವನ ಕಡೀಕ್ ನೋಡ್ಬುಟ್ರು. ನಾನೂ ನೋಡ್ಬುಟ್ಟೆ" ಎಂದು ಅತ್ತ. ಕಾಗದ ಸಾಗಿಸಿದವನು ಯಾರು ಎಂದು ಎಷ್ಟು ಕೇಳಿದರೂ ಬೋರಪ್ಪ ತಿಮ್ಮರಾಯಪ್ಪನ ಹೆಸರು ಹೇಳಲಿಲ್ಲ. ಅವನನ್ನು ರಸ್ತೆ ಕೆಲಸದಿಂದ ತೆಗೆದು ಎಲ್ಲಕ್ಕಿಂತ ಮುಂದಿನ ಗುಡ್ಡಕ್ಕೆ ಹಾಕಿದರು. ನೀನು ಬರೆದದ್ದರಿಂದ ಪಾಳ್ಯಕ್ಕೆ ಸೊಳ್ಳೆಪರದೆ ಬಂತಂತೆ, ಗುಳಿಗೆ ಬಂತಂತೆ, ಎಷ್ಟೋ ಜನ ಉಳಿದರಂತೆ. ಅದನ್ನೂ ಹೇಳಿಬಿಡುತ್ತೇನೆ, ಮುಚ್ಚಿಟ್ಟಳು ಎನ್ನಬೇಡ. ಅವನಿದ್ದ ಗುಡ್ಡಕ್ಕೆ ಮಾತ್ರ ಬರಲಿಲ್ಲ. ಹನ್ನೊಂದು ದಿನದ ಜ್ವರ.

ಅದನ್ನು ಬರೆದದ್ದಕ್ಕೆ ನೀನು ಜೈಲಿನಲ್ಲಿದ್ದಾಗ, ಶ್ರಾವಣದಲ್ಲಿ, ಸರ್ಕಾರದ ಕಾಗದ ಬಂತು. ಇಂಗ್ಲಿಷು, ದಪ್ಪ ಕಾಗದ, ಅಚ್ಚಿನ ಅಕ್ಷರ. ಆ ದೊರೆಗಳಿಗೆ ನಮ್ಮ ಪದ್ಧತಿ ಎಲ್ಲಿ ಗೊತ್ತು? ಕದರಮ್ಮ ನಾಲ್ಕು ಮೂಲೆಯನ್ನೂ ಒಂದೊಂದಾಗಿ ಮುಟ್ಟಿ ನೋಡಿದಳು. "ನೋಡ್ರಮ್ಮಾ, ಕತ್ರೀನೂ ಹಾಕಿಲ್ಲ! ನೆಟ್ಟಗೈತೆ. ನನ್ ಮಗಂಗೆ ದೊಡ್ಡ ಕೆಲ್ಸ ಕೊಟ್ಟವ್ರೆ ಕಣಮ್ಮಾ!" ಎಂದು ಒಳಗೆ ಓಡಿ ಅರಿಶಿನ ತಂದು ನಾಲ್ಕೂ ಮೂಲೆಗೆ ಸವರಿದಳು. ದೇವರ ಮುಂದೆ ಇಟ್ಟು ಕೈಮುಗಿದ ಮೇಲೆ ನನಗೆ ಕೊಟ್ಟಳು. ನಾನು ಇಸ್ಕೂಲಿನ ಸಂಜೀವಯ್ಯ ಮಾಸ್ತರ ಹತ್ತಿರ ಒಯ್ದೆ. ಮಾಸ್ತರು ಓದಿ, ಕನ್ನಡಕ ತೆಗೆದು, ಅರಿಶಿನವನ್ನೇ ನೋಡುತ್ತಾ ಕೂತರು. ನಾನು ಕೇಳುವ ಮೊದಲೇ ನನಗೆ ತಿಳಿಯಿತು.

ಮನೆಗೆ ಬರುವ ದಾರಿಯಲ್ಲಿ ಹೇಳಬೇಕೆಂದೇ ಇದ್ದೆ. ಅವಳು ಬಾಗಿಲಲ್ಲೇ ನಿಂತಿದ್ದಳು, ಕೈಯಲ್ಲಿ ಬೆಲ್ಲದ ಅಚ್ಚು. "ಚೆನ್ನಾಗಿದ್ದಾನಂತೆ ಕಣೇ" ಎಂದುಬಿಟ್ಟೆ. ಅಂದಿನಿಂದ ತಿಂಗಳಿಗೊಂದು ಸಲ ಬಿಳಿ ಹಾಳೆ ಹಿಡಿದು ಅವಳಿಗೆ ಕಾಗದ ಓದುತ್ತಿದ್ದೇನೆ. ಬೋರಪ್ಪನಿಗೆ ಹೊಸ ಕಂಬಳಿ ಕೊಟ್ಟರು, ಬೋರಪ್ಪ ದಪ್ಪಗಾದ, ಅಲ್ಲಿಯ ಮೀನು ಅವನಿಗೆ ಸೇರುವುದಿಲ್ಲ. ಮನಿಯಾರ್ಡರು ನಿಂತದ್ದಕ್ಕೂ ಒಂದು ಸುಳ್ಳು ಹೊಸೆದೆ. ತಿಮ್ಮರಾಯಪ್ಪನ ಬಾಯಿಗೂ ಮಾಸ್ತರ ಬಾಯಿಗೂ ಆಣೆ ಹಾಕಿದ್ದೇನೆ. ಸತ್ತವರನ್ನು ಮುಚ್ಚಿಡುವ ಸರ್ಕಾರವನ್ನು ನೀನು ಬೆಂಗಳೂರಿನಲ್ಲಿ ಹುಡುಕುತ್ತೀಯಲ್ಲ, ಅದು ಇಲ್ಲಿ ನಿನ್ನ ಜಗುಲಿಯ ಮೇಲೆ ಕೂತು ಅಕ್ಕಿ ಆರಿಸುತ್ತಿದೆ. ಮೊನ್ನೆ ಅವಳು, "ನಮ್ ಸಿದ್ದಪ್ಪಂಗೆ ಹಾರ ಹಾಕ್ತಾರಂತಲ್ಲಮ್ಮಾ, ನನ್ ಮಗಾನೂ ಇದ್ದಿದ್ರೆ ನೋಡ್ತಿದ್ದ" ಎಂದಳು. ಇದ್ದಿದ್ದರೆ ಎಂದದ್ದು ರಜೆಯಲ್ಲಿ ಇದ್ದಿದ್ದರೆ ಎಂದು. ನಾನು ಎದ್ದು ಹಿತ್ತಲಿಗೆ ಹೋದೆ.

ಆದ್ದರಿಂದ ಆ ಮುಂದಿನ ಸಾಲಿನ ಕುರ್ಚಿಯಲ್ಲಿ ಯಾರನ್ನಾದರೂ ಕೂರಿಸು. ಚಳಿಗೆ ಕಿವಿಗೆ ಬಟ್ಟೆ ಕಟ್ಟಿಕೋ. ವೀರಭದ್ರ ನಿನ್ನ ಕಣ್ಣು ಕೈ ಚೆನ್ನಾಗಿಟ್ಟಿರಲಿ, ಬರೆಯುವವನಿಗೆ ಎರಡೂ ಬೇಕು. ನಿನ್ನ ಮೇಲೆ ಸಿಟ್ಟಿದೆ, ಪ್ರೀತಿಯೂ ಇದೆ. ಎರಡನ್ನೂ ಒಟ್ಟಿಗೇ ಕಳಿಸುತ್ತಿದ್ದೇನೆ, ಬೇಕಾದ್ದನ್ನು ಆರಿಸಿಕೊಳ್ಳಲು ಬರುವುದಿಲ್ಲ.

ಇಂತಿ ನಿನ್ನಜ್ಜಿ,
ಚನ್ನಮಲ್ಲಮ್ಮ

ಮರೆತಿದ್ದೆ: ತಪಾಲಿನ ಮೋಟಾರು ಹೊರಡುತ್ತಿದೆ, ಬೇಗ ಬರೆಯುತ್ತೇನೆ. ಇದರ ಜೊತೆ ಒಂದು ಬಿಳಿ ಹಾಳೆ ಇದೆ ನೋಡು. ಮೂಲೆ ಹೋಗಿದೆ ಅಂತ ಮಿಲಿಟರಿಯವರನ್ನು ಬೈಯಬೇಡ, ನಾನೇ ಹರಿದದ್ದು. ಅದರ ಮೇಲೆ ಕದರಮ್ಮನಿಗೆ ನೀನು ಬರಿ. ಈ ಸಲ ಹೆಸರು ಬಿಡಬೇಡ. ಬೋರಪ್ಪನ ಹೆಸರು ಬರಿ, ಬೆಟ್ಟದ ಮಾತು ಅಚ್ಚು ಹಾಕಿದವನ ಹೆಸರು ಬರಿ, ಕೇಳದೆ ಕಟ್ಟು ಕೊಟ್ಟವಳ ಹೆಸರೂ ಬರಿ. ಓದಿ ಹೇಳಬೇಕಾದವಳು ನಾನೇ, ಇನ್ಯಾರಿದ್ದಾರೆ? ನಾನಾಗಿ ಹೇಳಲು ಐದು ತಿಂಗಳಿಂದ ಬಾಯಿ ಬರಲಿಲ್ಲ, ಬರೆದದ್ದನ್ನು ಒಂದಕ್ಷರ ಬಿಡದೆ ಓದಬಲ್ಲೆ. ಅವಳು ಮೊದಲು ಮೂಲೆ ಮುಟ್ಟಿ ನೋಡುತ್ತಾಳೆ. ಆಮೇಲೆ ನಾನು ಓದುತ್ತೇನೆ.