ಚಿಕ್ಕಪ್ಪನ ಹಕ್ಕು

ಅಥೆನ್ಸ್. ಥಾರ್ಗೆಲಿಯೋನ್ ಮಾಸ, ಹುಣ್ಣಿಮೆ ಕಳೆದು ನಾಲ್ಕನೇ ರಾತ್ರಿ.

ಅಪ್ಪ ತೀರಿಕೊಂಡು ಹತ್ತು ದಿನವಾಯಿತು. ನನಗೆ ಅಣ್ಣತಮ್ಮಂದಿರಿಲ್ಲ. ಆದ್ದರಿಂದ ಅಪ್ಪನ ಆಲಿವ್ ತೋಟವೂ ನಾನೂ ಚಿಕ್ಕಪ್ಪ ಪೊಲ್ಯಾರಟೋಸನಿಗೇ ಸೇರಬೇಕಂತೆ. ಕಾನೂನಿನ ಪ್ರಕಾರ ನಾನು ಗಂಡನನ್ನು ಬಿಟ್ಟು ಅವನನ್ನು ಮದುವೆಯಾಗಬೇಕು.

"ನಿಂಗೊಂದು ಗಂಡುಮಗು ಆಗಿದ್ದಿದ್ರೆ ತೋಟ ಅದಕ್ಕೆ ಹೋಗ್ತಿತ್ತು, ಮಾತು ಬೇರೆ ಇತ್ತು, ಮಗಳೇ," ಅಂದ ಚಿಕ್ಕಪ್ಪ. ಇವತ್ತೂ ಮಗಳೇ ಅಂತಲೇ ಕರೆದ!

"ತೋಟ ನೀವೇ ಇಟ್ಕೊಳ್ಳಿ, ನನ್ನ ಬಿಟ್ಬಿಡಿ," ಅಂದೆ.

"ತೋಟ ಬೇರೆ, ನೀನು ಬೇರೆನಾ?" ಎಂದು ನಕ್ಕ.

ನನ್ನವರು ಕ್ಟೆಸಿಯಸ್ ತಲೆ ತಗ್ಗಿಸಿ ಕೂತಿದ್ದರು. "ಏನಾದ್ರೂ ಹೇಳ್ರೀ," ಅಂದೆ.

"ಕೋರ್ಟಿನಲ್ಲಿ ನಾವು ಗೆಲ್ಲಲ್ಲ ಕಣೇ."

ಅಲ್ಲಿ ಹೆಂಗಸಿಗೆ ಬಾಯಿಯೇ ಇಲ್ಲ.

ರಾತ್ರಿ ನನಗೆ ನಿದ್ದೆ ಬಂದಿದೆ ಅಂದುಕೊಂಡು, ನನ್ನವರೇ ನನ್ನ ಬಟ್ಟೆಪೆಟ್ಟಿಗೆಯನ್ನು ಸದ್ದಾಗದಂತೆ ಎತ್ತಿ ತಂದು ಬಾಗಿಲ ಬಳಿ ಇಟ್ಟರು. ಈಗ ಅವರ ಗೊರಕೆ ಕೇಳುತ್ತಿದೆ.