ಕೆರೆ ಏರಿಯ ಮೇಲೆ ಇಬ್ಬರು

ತೋಟದ ಮನೆ, ಶಿಡ್ಲಘಟ್ಟ ತಾಲ್ಲೂಕು
೧೨ ಡಿಸೆಂಬರ್ ೨೦೨೪, ಗುರುವಾರ

ಪ್ರೀತಿಯ ಪವಿತ್ರಮ್ಮಾ,

ಹೇಗಿದ್ದೀಯ? ಚಳಿ ಬಿದ್ದರೆ ನಿನಗೆ ಎಡಗಿವಿ ನೋಯುತ್ತಿತ್ತು, ಈ ಸಲವೂ ನೋಯುತ್ತಿದೆಯೇ? ಕಿವಿ ಮುಚ್ಚಿಕೊಳ್ಳದೆ ಬಸ್ಸಿನ ಕಿಟಕಿ ಪಕ್ಕ ಕೂರಬೇಡ. ಗೌರಿಬಿದನೂರಿನಲ್ಲಿ ನೀನಿರುವ ಮನೆಯ ವಿಳಾಸ ನನ್ನ ಹತ್ತಿರ ಇಲ್ಲ, ಅದಕ್ಕೇ ನೀನು ಪಾಠ ಹೇಳುವ ಶಾಲೆಯ ವಿಳಾಸಕ್ಕೆ ಬರೆಯುತ್ತಿದ್ದೇನೆ. ಫೋನ್ ಮಾಡಬಹುದಿತ್ತು, ನಂಬರು ಇನ್ನೂ ಇದೆ. ಆದರೆ ನೀನು ಫೋನೆತ್ತಿ ಯಾರೋ ಹೊರಗಿನವರಿಗೆ ಹೇಳುವ ಹಾಗೆ "ಹೇಳಿ" ಅಂದುಬಿಟ್ಟರೆ, ಅದರ ಮುಂದೆ ಏನು ಹೇಳಬೇಕೋ ನನಗೆ ತೋಚುವುದಿಲ್ಲ. ಕಾಗದದಲ್ಲಾದರೆ ತಡವರಿಸಿದರೂ ಯಾರೂ ನೋಡುವುದಿಲ್ಲ.

ನಾನು ಚೆನ್ನಾಗಿದ್ದೇನೆ. ಮಂಡಿನೋವು ಇದ್ದದ್ದೇ. ನಮ್ಮ ಯಜಮಾನರ ಬಗ್ಗೆ "ನಿನ್ನ ಮಾವ" ಎಂದು ಬರೆಯಲು ಹೋಗಿ ಕೈ ತಡೆಯಿತು. ಮುನಿಶಾಮಪ್ಪನವರೂ ಆರೋಗ್ಯವಾಗಿದ್ದಾರೆ, ಮಾತ್ರೆ ಮಾತ್ರ ಹೊತ್ತಿಗೆ ಸರಿಯಾಗಿ ನುಂಗುವುದಿಲ್ಲ. ಹಿಪ್ಪುನೇರಳೆ ಸೊಪ್ಪು ಈ ಸಲ ಒಳ್ಳೆಯದಾಗಿ ಬಂದಿದೆ. ಚಳಿಗೆ ರೇಷ್ಮೆಹುಳು ಮಂಕಾಗಬಾರದೆಂದು ಹುಳುಮನೆಯಲ್ಲಿ ಕೆಂಡದ ಬಾಂಡಲಿ ಇಟ್ಟಿದ್ದೇವೆ. ಮೋಹನ್‌ಬಾಬು ಚಿಂತಾಮಣಿಯಲ್ಲೇ ರೂಮು ಮಾಡಿಕೊಂಡು ಕೆಲಸಕ್ಕೆ ಹೋಗುತ್ತಾನೆ, ಭಾನುವಾರ ಬಂದರೆ ಬಂದ, ಇಲ್ಲದಿದ್ದರೆ ಇಲ್ಲ. ಅವನ ವಿಷಯ ಇಷ್ಟು ಸಾಕು. ನೀವಿಬ್ಬರೂ ಬೇರೆಯಾಗಿ ಎರಡು ವರ್ಷವಾಯಿತು, ಕೋರ್ಟಿನ ಕಾಗದವೂ ಬಂದಾಯಿತು. ಮಗನ ಪರವಾಗಿ ಬರೆಯಲು ನಾನು ಕೂತಿಲ್ಲ.

ಬಾತುಗಳು ಬಂದವು ಕಣಮ್ಮಾ. ಬಿಳಿ ತಲೆಯ ಹಿಂದೆ ಎರಡು ಕಪ್ಪು ಪಟ್ಟೆ ಇರುವ ಆ ಹೆಬ್ಬಾತುಗಳು, ಹಿಮಾಲಯ ದಾಟಿ ಬರುತ್ತವೆ ಅಂತ ನೀನು ಹೇಳಿದಾಗ ನಾನು ನಕ್ಕಿದ್ದೆನಲ್ಲ, ಅವೇ. ಕಳೆದ ಶುಕ್ರವಾರ ಮಂಜು ಇನ್ನೂ ನೀರಿನ ಮೇಲೆ ಮಲಗಿತ್ತು, ಮೊದಲು ಸದ್ದು ಕೇಳಿತು, ಆಮೇಲೆ ಕಂಡವು. ಒಂದು ಸಲ ಎಣಿಸಿದರೆ ಹದಿನೇಳು, ಇನ್ನೊಂದು ಸಲ ಹತ್ತೊಂಬತ್ತು. ಮೂರನೇ ಸಲ ಮತ್ತೆ ಹದಿನೇಳು. ನೀನಿದ್ದಿದ್ದರೆ ಎಷ್ಟು ಬರೆದುಕೊಳ್ಳುತ್ತಿದ್ದೆಯೋ. ಸೂಜಿಬಾಲದ ಬಾತುಗಳು ಆಚೆ ದಡದ ಜಾಲಿಗಿಡಗಳ ಕೆಳಗೆ ಇವೆ, ಎಣಿಸಲು ಕಣ್ಣು ಸಾಲದು. ನೀನು ಅಟ್ಟದ ಮೇಲೆ ಬಿಟ್ಟುಹೋದ ದುರ್ಬೀನು ಈಗ ನನ್ನ ಕೊರಳಲ್ಲಿದೆ. ಕೇಳದೆ ತೆಗೆದುಕೊಂಡೆ, ಬೈದುಕೊಳ್ಳಬೇಡ.

ಮದುವೆಯಾಗಿ ಬಂದ ಮೊದಲ ಕಾರ್ತಿಕದಲ್ಲಿ ನೀನು ಕತ್ತಲು ಹರಿಯುವ ಮುಂಚೆ ಎದ್ದು ಕೆರೆಗೆ ಹೋಗಿಬರುತ್ತೇನೆ ಅಂದಾಗ ನನಗೆ ಕೋಪವೇ ಬಂದಿತ್ತು. ಹೊಸ ಸೊಸೆ ಒಬ್ಬಳೇ ಏರಿಯ ಮೇಲೆ ತಿರುಗಿದರೆ ಊರು ಏನನ್ನುತ್ತದೆ? ಕಾವಲಿಗೆ ಅಂತ ನಾನು ಹೊರಟೆ, ಮಗನ ಮಂಕಿಕ್ಯಾಪು ಹಾಕಿಕೊಂಡು, ದಾರಿಯುದ್ದಕ್ಕೂ ಗೊಣಗಿಕೊಂಡು. ತೂಬಿನ ಹತ್ತಿರ ನಿಂತಾಗ ನೀನು ದುರ್ಬೀನನ್ನು ನನ್ನ ಕಣ್ಣಿಗಿಟ್ಟು, "ಅತ್ತೆ, ಆ ಕರೀದರ ಹಣೆ ನೋಡಿ, ನಾಮ ಇಟ್ಕೊಂಡಿದೆ" ಅಂದೆ. ನೋಡಿದೆ. ನಿಜವಾಗಿಯೂ ನಾಮ. ನಾಮದ ಕೋಳಿ ಅಂತಲೇ ಅದಕ್ಕೆ ಹೆಸರು ಅಂತ ನೀನು ಹೇಳಿದೆ. ಮದುವೆಯಾದ ಹೊಸದರಲ್ಲಿ ಇದೇ ಕೆರೆಯಲ್ಲಿ ಬಟ್ಟೆ ಒಗೆದವಳು ನಾನು, ಎಮ್ಮೆ ಮೈ ತೊಳೆದವಳು. ಅಷ್ಟು ವರ್ಷ ನನ್ನ ಎದುರಿಗೇ ಈಜಾಡಿದ ಹಕ್ಕಿಯ ಮುಖವನ್ನು ಐವತ್ತೈದು ದಾಟಿದ ಮೇಲೆ ಮೊದಲ ಸಲ ನೋಡಿದೆ. ಮರುದಿನ ನಿನಗಿಂತ ಮುಂಚೆ ಎದ್ದವಳು ನಾನೇ. ಆಮೇಲಿನ ನಾಲ್ಕು ಚಳಿಗಾಲ ನಾವಿಬ್ಬರೂ ಒಂದು ಬೆಳಗ್ಗೆಯನ್ನೂ ಬಿಟ್ಟವರಲ್ಲ. ನನ್ನ ಹಬ್ಬಹರಿದಿನ, ನನ್ನ ಪುಟ್ಟ ಸುಖ, ಎಲ್ಲ ಆ ಒಂದು ಗಂಟೆಯಲ್ಲಿತ್ತು. ಹಾಗಂತ ನಿನಗೆ ಯಾವತ್ತೂ ಹೇಳಲಿಲ್ಲ. ಅತ್ತೆಯಾದವಳು ಹಾಗೆಲ್ಲ ಹೇಳುವುದಿಲ್ಲ ಅಂದುಕೊಂಡಿದ್ದೆ.

ನೀನು ಹೋದ ಮೇಲೆ ಎರಡು ಚಳಿಗಾಲ ನಾನು ಏರಿ ಹತ್ತಲಿಲ್ಲ. ಈ ಕಾರ್ತಿಕದಲ್ಲಿ ಒಂದು ದಿನ ಎಚ್ಚರವಾಯಿತು, ಹೊರಟೆ. ಜೊತೆಯಿಲ್ಲದೆ ನೋಡುವುದು ಬೇರೆಯೇ ಕೆಲಸ. ಅವತ್ತು ಕೆಸರಿನಲ್ಲಿ ಒಂದು ಸಣ್ಣ ಕಂದು ಹಕ್ಕಿ, ಉದ್ದ ಕಾಲು, ಬಾಲ ಕುಣಿಸುತ್ತಾ ಓಡಾಡುತ್ತಿತ್ತು. ಮುಂಚೆ ನೋಡಿದ್ದೇನೆ ಅನ್ನಿಸಿತು, ಹೆಸರು ಬರಲಿಲ್ಲ. "ಇದ್ಯಾವ್ದೇ?" ಅಂತ ಪಕ್ಕಕ್ಕೆ ತಿರುಗಿ ಗಟ್ಟಿಯಾಗಿಯೇ ಕೇಳಿಬಿಟ್ಟೆ. ಕುರಿ ಹೊಡೆದುಕೊಂಡು ಹೋಗುತ್ತಿದ್ದ ಪಕ್ಕದ ಬೀದಿಯ ಮುನಿಶಾಮಮ್ಮ ನಿಂತು ನನ್ನನ್ನೇ ನೋಡಿದಳು. ಕುರಿ ಲೆಕ್ಕ ಹಾಕ್ತಿದ್ದೆ ಕಣಮ್ಮ ಅಂತ ಏನೋ ಸುಳ್ಳು ಹೇಳಿದೆ. ಇನ್ನೊಂದು ದಿನ ಇಬ್ಬನಿಗೆ ಕಾಲು ಜಾರಿ ಏರಿಯ ಕಲ್ಲಿನ ಮೇಲೆ ಕೂತುಬಿಟ್ಟೆ, ಏಳಲು ಬಹಳ ಹೊತ್ತು ಹಿಡಿಯಿತು. ಮನೆಯಲ್ಲಿ ಹೇಳಲಿಲ್ಲ. ಹೇಳಿದರೆ ಹೋಗುವುದನ್ನೇ ನಿಲ್ಲಿಸಿಬಿಡುತ್ತಾರೆ. ಯಜಮಾನರಿಗೆ ಹೆಬ್ಬಾತು ಬಂದ ಸುದ್ದಿ ಹೇಳಿದರೆ, ಹಕ್ಕಿ ಎಣಿಸಿ ಯಾರಿಗೇನಾಗಬೇಕು ಅಂದು ತಟ್ಟೆಗೆ ಕೈ ಹಾಕಿದರು. ಅವರ ಅಕ್ಕ, ನಮ್ಮ ವದಿನ ಅಕ್ಕಯ್ಯಮ್ಮ, ಸೊಸೆ ಹೋದರೂ ಸೊಸೆಯ ಹುಚ್ಚು ಹೋಗಲಿಲ್ಲ ಅಂತ ಬೀದಿಯಲ್ಲಿ ಹೇಳಿಕೊಂಡು ತಿರುಗುತ್ತಿದ್ದಾರೆ. ಅವರ ಮಟ್ಟಿಗೆ ಅದು ಸರಿಯಾದ ಮಾತೇ.

ಈಗ ಆ ದಿನದ ವಿಷಯ ಬರೆಯಬೇಕು. ನಮ್ಮ ಪಡಸಾಲೆಯಲ್ಲಿ ಹಿರಿಯರು ಕೂತಿದ್ದರು, ನಿನ್ನ ಅಪ್ಪ ಅಮ್ಮ ಬಂದಿದ್ದರು. ಮೋಹನ್ ತನಗೆ ಈ ಸಂಸಾರ ಬೇಡ ಅಂದಿದ್ದ, ಯಾಕೆ ಅಂತ ಹೇಳಿರಲಿಲ್ಲ. ಆಗ ಅಕ್ಕಯ್ಯಮ್ಮ ಶುರು ಮಾಡಿದರು: "ಬೆಳಗಾದ್ರೆ ಕೆರೆ ಹತ್ರ ಇರ್ತಾಳೆ. ಕ್ಯಾಮೆರಾ ಹಿಡ್ಕೊಂಡು ಬರೋ ಗಂಡಸರ ಜೊತೆ ಮಾತು, ನಗು. ಒಬ್ಳೇ ಹೋಗೋದು, ಒಬ್ಳೇ ಬರೋದು. ಯಾವ ಗಂಡ ಸಹಿಸ್ಕೊಳ್ತಾನೆ?"

ನೀನು ತಲೆ ಎತ್ತಿ ನನ್ನನ್ನು ನೋಡಿದೆ. ಬೇರೆ ಯಾರನ್ನೂ ನೋಡಲಿಲ್ಲ. ನನ್ನ ಕೈಯಲ್ಲಿ ಕಾಫಿ ಲೋಟಗಳ ತಟ್ಟೆ ಇತ್ತು, ನಾನು ಲೋಟಗಳನ್ನು ನೋಡುತ್ತಾ ನಿಂತೆ. ನಾನೂ ಜೊತೆಯಲ್ಲಿದ್ದೆ ಅಂದರೆ ಮುಗಿಯುತ್ತಿತ್ತು; ಮನೆಯ ಗಂಡಸರಿಗೂ ಅದು ಗೊತ್ತಿತ್ತು, ಆದರೆ ಅವರು ಹೇಳುವವರಲ್ಲ. ಹಕ್ಕಿ ಫೋಟೋ ತೆಗೆಯಲು ಬರುತ್ತಿದ್ದ ಆ ಕ್ಯಾಮೆರಾದವರಿಗೆ ನೆಲಗಡಲೆ ಬೇಯಿಸಿ ಒಯ್ದುಕೊಟ್ಟವಳು ನಾನು ಅಂದಿದ್ದರೆ ಸಾಕಿತ್ತು. ನಿನ್ನ ಅಪ್ಪ ಟವೆಲಿನಿಂದ ಮುಖ ಒರೆಸಿಕೊಂಡರು. ನೀನಾದರೂ ಅತ್ತೆಯನ್ನೇ ಕೇಳಿ ಅನ್ನಬಹುದಿತ್ತು. ಅನ್ನಲಿಲ್ಲ. ನಾನು ಹೇಳುವುದಿಲ್ಲ ಅಂತ ಅಷ್ಟರಲ್ಲಿ ನಿನಗೆ ಗೊತ್ತಾಗಿಹೋಗಿತ್ತು, ಗೊತ್ತಾದ ಮೇಲೂ ನನ್ನನ್ನು ಎಲ್ಲರೆದುರು ಎಳೆದುತರಲಿಲ್ಲ.

ಯಾಕೆ ಸುಮ್ಮನಿದ್ದೆ ಅಂತ ಎರಡು ವರ್ಷ ಯೋಚಿಸಿದ್ದೇನೆ. ಅತ್ತೆಯೇ ಸೊಸೆಯನ್ನು ಕೆಡಿಸಿದಳು ಅಂತಾರೆ ಎಂಬ ಭಯ ಇತ್ತು. ಅದಕ್ಕಿಂತ ಕೆಟ್ಟದ್ದೂ ಒಂದಿತ್ತು, ಅದನ್ನೂ ಬರೆದುಬಿಡುತ್ತೇನೆ. ಸಂಸಾರ ಮುರಿಯುವುದಕ್ಕೆ ಎಲ್ಲರಿಗೂ ಒಂದು ಕಾರಣ ಬೇಕಿತ್ತು. ಆ ಕಾರಣ ನೀನಾದರೆ ನನ್ನ ಮಗ ತಪ್ಪಿತಸ್ಥನಾಗುವುದಿಲ್ಲ ಅನ್ನಿಸಿತು. ತಾಯಿ ಕರುಳು ಅಂತ ಅದಕ್ಕೆ ಹೆಸರು ಕೊಟ್ಟು ಸಮಾಧಾನ ಮಾಡಿಕೊಳ್ಳಲು ನೋಡಿದೆ, ಆಗಲಿಲ್ಲ. ನೀನು ಬ್ಯಾಗು ಹಿಡಿದು ಹೊರಟಾಗ ನನ್ನ ಕಾಲಿಗೆ ನಮಸ್ಕಾರ ಮಾಡಿದೆ. ನಾನು ತಲೆ ಮುಟ್ಟಿದೆ, ಬಾಯಿಂದ ಆಶೀರ್ವಾದ ಬರಲಿಲ್ಲ.

ಅವತ್ತು ಬಾರದ್ದನ್ನು ಈಗ ಬರೆಯುತ್ತಿದ್ದೇನೆ. ನಿನಗೆ ಒಳ್ಳೆಯದಾಗಲಿ ತಾಯಿ. ನಿನ್ನ ಮನಸ್ಸಿನಂತೆ ನಡೆಯುವ ಮನೆ ನಿನ್ನದಾಗಲಿ. ಅಪ್ಪ ಅಮ್ಮನಿಗೆ ನನ್ನ ನಮಸ್ಕಾರ ತಿಳಿಸು, ಅವರಿಗೆ ಬೇಕೆನಿಸಿದರೆ. ಬೆಳಗಿನ ಹೊತ್ತು ಬರಿಗಾಲಲ್ಲಿ ನೆಲ ತುಳಿಯಬೇಡ.

ಇಂತಿ,
ಏನೆಂದು ಬರೆದುಕೊಳ್ಳಬೇಕೋ ತಿಳಿಯದ,
ವೆಂಕಟರತ್ನಮ್ಮ

ಮರೆತ ಮಾತು: ಮರೆತದ್ದಲ್ಲ, ಇದನ್ನು ಹೇಳಲೆಂದೇ ಕೂತವಳು ಬರೆಯಲು ಹೆದರಿ ಏನೇನೋ ಬರೆದೆ. ಸೋಮವಾರ ಬೆಳಗ್ಗೆ ಚಿಕ್ಕಬಳ್ಳಾಪುರದಿಂದ ಗಂಡಹೆಂಡತಿ ಇಬ್ಬರು ನಮ್ಮ ಮನೆಗೆ ಬಂದಿದ್ದರು. ಆತನ ತಮ್ಮನಿಗೆ ನಿನ್ನನ್ನು ಕೇಳುತ್ತಿದ್ದಾರಂತೆ, ಮೊದಲಿನ ಮನೆಯಲ್ಲಿ ಒಂದು ಮಾತು ವಿಚಾರಿಸೋಣ ಅಂತ ಬಂದವರು. ನಾನು ಕೆರೆಯಿಂದ ವಾಪಸು ಬರುವ ಹೊತ್ತಿಗೆ ಅಕ್ಕಯ್ಯಮ್ಮ ಅದೇ ಹಳೆಯ ಮಾತು ಎತ್ತಿ ಕೂತಿದ್ದರು, ಯಜಮಾನರು ನೆಲ ನೋಡುತ್ತಿದ್ದರು. ನಾನು ಕೆಸರುಗಾಲಲ್ಲೇ ಒಳಗೆ ಹೋಗಿ ಹೇಳಿದೆ: "ನಾಲ್ಕು ವರ್ಷ ಅವಳ ಜೊತೆ ದಿನಾ ಕೆರೆಗೆ ಹೋಗ್ತಿದ್ದವಳು ನಾನು. ಯಾರ ಜೊತೆ ಮಾತಾಡಿದ್ರೂ ನನ್ನ ಎದುರಿಗೇ ಮಾತಾಡಿದ್ದಾಳೆ. ಆ ಹುಡುಗಿ ಮೇಲೆ ಒಂದು ತಪ್ಪೂ ಇಲ್ಲ."

ಅಕ್ಕಯ್ಯಮ್ಮ, "ಮತ್ತೆ ಅವತ್ತು ಯಾಕೆ ಬಾಯಿ ಬಿಡ್ಲಿಲ್ಲ?" ಅಂದರು.

"ಧೈರ್ಯ ಇರ್ಲಿಲ್ಲ ವದಿನಾ, ಅದಕ್ಕೆ" ಅಂದೆ.

ಬಂದವರು ಎದ್ದು ಹೊರಟರು. ಅವರೇನು ತೀರ್ಮಾನ ಮಾಡಿದರೋ ಗೊತ್ತಿಲ್ಲ. ಆ ಸಂಬಂಧ ನಿನಗೆ ಬೇಕೋ ಬೇಡವೋ ಅದೂ ಗೊತ್ತಿಲ್ಲ, ಬೇಡವಾದರೆ ಬೇಡ ಅನ್ನು. ನಿನಗೆ ಮದುವೆ ಕುದುರಿಸಲಿ ಅಂತ ನಾನು ಹೇಳಿದ್ದಲ್ಲ. ಬೇರೆಯವರ ಬಾಯಿಂದ ನಿನಗೆ ತಿಳಿಯುವ ಮುಂಚೆ ನನ್ನಿಂದಲೇ ತಿಳಿಯಲಿ ಅಂತ ಬರೆದೆ. ಅವತ್ತಿನಿಂದ ಯಜಮಾನರು ನನ್ನ ಜೊತೆ ಮಾತು ಬಿಟ್ಟಿದ್ದಾರೆ, ಮೋಹನ್ ಫೋನಿನಲ್ಲಿ ಏನೇನೋ ಅಂದ. ಹತ್ತು ಗಂಟೆಯ ಬಸ್ಸಿನ ಹೊತ್ತಾಯಿತು. ಈ ಕಾಗದವನ್ನು ಮನೆಯಲ್ಲಿ ಯಾರ ಕೈಗೂ ಕೊಡುವ ಹಾಗಿಲ್ಲ, ನಾನೇ ಶಿಡ್ಲಘಟ್ಟಕ್ಕೆ ಹೋಗಿ ಡಬ್ಬಿಗೆ ಹಾಕಿ ಬರುತ್ತೇನೆ.