ಹನ್ನೊಂದನೆಯ ಲೇಪ

ಮಾರ್ಚ್ ೧೪, ಗುರುವಾರ

ಪ್ರೀತಿಯ ಅಕ್ಕಾ,

ನಿನ್ನ ಎರಡು ಕಾಗದಗಳಿಗೂ ಉತ್ತರಿಸದೆ ಮೂರು ತಿಂಗಳು ಕಳೆದುಬಿಟ್ಟೆ, ಬೈಯಬೇಡ. ಮಂಡಿನೋವು ಹೇಗಿದೆ? ಭಾವನವರು ಈಗಲೂ ಕನ್ನಡಕ ತಲೆಮೇಲಿಟ್ಟುಕೊಂಡೇ ಮನೆಯೆಲ್ಲ ಹುಡುಕುತ್ತಾರಾ?

ತಡವಾಗಿದ್ದು ಒಂದು ಹರವಿಯಿಂದ. ನಮ್ಮ ಉತ್ಖನನದಲ್ಲಿ ಸಿಕ್ಕಿದ್ದು; ಕಾಳು ತುಂಬಿಡಲು ನೆಲದಲ್ಲಿ ಕತ್ತಿನವರೆಗೆ ಹೂತಿದ್ದ, ಮೂರು ಸಾವಿರ ವರ್ಷ ಹಳೆಯ ದೊಡ್ಡ ಮಣ್ಣಿನ ಪಾತ್ರೆ. ಹುಳ ಬೀಳದಿರಲೆಂದು ವರ್ಷಕ್ಕೊಮ್ಮೆ ಒಳಮೈಗೆ ಜೇಡಿಮಣ್ಣಿನ ಲೇಪ ಬಳಿಯುತ್ತಿದ್ದರು. ಆ ಲೇಪದ ಒಂದು ಚೂರನ್ನು ಕೂದಲೆಳೆಯಷ್ಟು ತೆಳುವಾಗಿ ಉಜ್ಜಿ ಸೂಕ್ಷ್ಮದರ್ಶಕದಡಿ ಇಟ್ಟೆ. ಪದರದ ಮೇಲೆ ಪದರ, ಒಟ್ಟು ಹನ್ನೊಂದು. ಬಾಯಿ ಎಷ್ಟು ಕಿರಿದೆಂದರೆ ದೊಡ್ಡವರ ಭುಜ ತೂರುವುದಿಲ್ಲ. ಮಗುವನ್ನು ಇಳಿಸಿಯೇ ಬಳಿಸುತ್ತಿದ್ದರು. ಮೇಲಿನ ಲೇಪ ಉದುರಿದ ಕಡೆ ಹಳೆಯ ಲೇಪಗಳ ಬೆರಳ ಗುರುತು ಕಾಣುತ್ತದೆ, ಅಡ್ಡಡ್ಡ, ನೀಟಾಗಿ. ಕೊನೆಯದಾದ ಹನ್ನೊಂದನೆಯದರಲ್ಲಿ ಮಾತ್ರ ನಾಲ್ಕು ಬೆರಳ ಗೀರುಗಳು ಬಾಯಿಯ ಕಡೆಗೆ ಏರಿವೆ. ಒಂದರ ಮೇಲೊಂದು, ಒಂದರ ಮೇಲೊಂದು.

ಉತ್ಖನನದ ಮುಖ್ಯಸ್ಥರು, ನಮ್ಮ ದೊಡ್ಡ ಮೇಷ್ಟ್ರು, ನಕ್ಕರು. "ಮಗು ಹತ್ತಿ ಆಚೆ ಬಂದಿರುತ್ತಮ್ಮ, ಅಷ್ಟೇ."

"ಬಂದಿದ್ರೆ ಕತ್ತಿನ ಲೇಪ ಅಳಿಸಿರಬೇಕಿತ್ತಲ್ವಾ ಸಾರ್? ಗೀರೆಲ್ಲಾ ಒಂದು ಗೇಣು ಕೆಳಗೇ ನಿಂತುಬಿಟ್ಟಿವೆ."

ಅವರ ನಗು ನಿಂತಿತು. ಹರವಿ ಸಿಕ್ಕಾಗ ಮುಚ್ಚಳ ಮುಚ್ಚಿ, ಸುತ್ತ ಮಣ್ಣು ಮೆತ್ತಿತ್ತು. ಒಳಗೆ ಮೂಳೆ ಇರಲಿಲ್ಲ. ಆದರೆ ಮೊನ್ನೆ ತಳದ ಮಣ್ಣಿನ ಪರೀಕ್ಷೆ ಬಂತು: ಮೂಳೆ ಕರಗಿದಾಗ ಉಳಿಯುವ ರಂಜಕ, ಬೇಕಾದಷ್ಟು.

"ಮುಚ್ಚಿದ್ದು ಯಾರಿರಬಹುದು?" ಎಂದು ಮೇಷ್ಟ್ರು ಮೆಲ್ಲಗೆ ಕೇಳಿದರು.

ನಾನು ಮುಚ್ಚಳವನ್ನು ದೀಪದಡಿಗೆ ಎಳೆದುಕೊಂಡೆ. ಅದರ ಅಂಚಿಗೆ ಅಂಟಿಕೊಂಡೇ ಇರುವ, ಮೆತ್ತಿದ ಮಣ್ಣಿನಲ್ಲೂ ಬೆರಳಚ್ಚಿದೆ. ಗೆರೆಗಳ ಅಗಲ ಅಳೆದರೆ ವಯಸ್ಸು ಅಂದಾಜಾಗುತ್ತದೆ. ಮೂರು ಸಲ ಅಳೆದೆ. ಅದೂ ಮಗುವಿನ ಕೈಯೇ, ಒಂಬತ್ತೋ ಹತ್ತೋ ವರ್ಷದ್ದು. ಒತ್ತಿ ಒತ್ತಿ, ಅಂಚು ತೀಡಿ, ಆಟದ ಶ್ರದ್ಧೆಯಿಂದ ಮೆತ್ತಿದೆ.

ನಿನ್ನೆ ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋಗಿದ್ದಾಗ ಆ ಅಚ್ಚಿನ ಮೇಲೆ ನನ್ನ ಬೆರಳಿಟ್ಟೆ. ಮುಚ್ಚಳದ ಕೆಳಗಿನಿಂದ ಯಾರೋ ಪರಚಿದ ಸದ್ದು. ಮುಚ್ಚಳ ಬರಿಯ ಮೇಜಿನ ಮೇಲಿತ್ತು ಅಕ್ಕಾ. ಹರವಿ ಇದ್ದದ್ದು ಆಚೆ ಕೋಣೆಯಲ್ಲಿ. ಬೆರಳು ತೆಗೆದೆ, ನಿಂತಿತು. ಮತ್ತೆ ಇಡುವ ಧೈರ್ಯ ಬರಲಿಲ್ಲ.

ನಿನ್ನ ಮಕ್ಕಳಿಗೆ ನನ್ನ ಆಶೀರ್ವಾದ ತಿಳಿಸು. ನೀನು ನೂರ್ಕಾಲ ನೆಮ್ಮದಿಯಿಂದಿರಬೇಕು.

ನಿನ್ನ
ಪುಟ್ಟಿ

ತಾ.ಕ.: ನಮ್ಮ ತಮ್ಮ ಆ ಪೆಟ್ಟಿಗೆಯೊಳಗೆ ಉಸಿರುಗಟ್ಟಿ ಹೋದಾಗ, ನೀನು ಅವನ ಮೇಲೆ ಕಣ್ಣಿಡಲಿಲ್ಲವೆಂದು ಅಮ್ಮ ಕೊನೆಯವರೆಗೂ ನಿನ್ನೊಡನೆ ಸರಿಯಾಗಿ ಮಾತಾಡಲಿಲ್ಲ. ಚಿಲಕ ತಾನಾಗಿ ಬೀಳಲಿಲ್ಲ ಅಕ್ಕಾ. ಕಣ್ಣಾಮುಚ್ಚಾಲೆಯಲ್ಲಿ ಹಾಕಿದವಳು ನಾನು. ನನಗಾಗ ಒಂಬತ್ತು. ಆಮೇಲೆ ಬೇರೆ ಆಟಕ್ಕೆ ಓಡಿಹೋದೆ. ಸಂಜೆ ನೀನು "ತಮ್ಮನ್ನ ನೋಡಿದ್ಯೇನೇ?" ಎಂದು ಕೇಳಿದಾಗ, ನೆನಪಿತ್ತು. ಬೈತಾರೆಂದು, ಇಲ್ಲ ಅಂದೆ.